ಮೀನು ತಿನ್ನದ ಅಜ್ಜಿಯ ಮಲದಲ್ಲಿ ಕಡಲಿನ ಬ್ಯಾಕ್ಟೀರಿಯಾ: ಹುಬ್ಬಳ್ಳಿಯ ಒಂದು ಪ್ರಕರಣ ಅಧ್ಯಯನ

ಏಪ್ರಿಲ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಹುಬ್ಬಳ್ಳಿಯ ಉಣಕಲ್ ಭಾಗದ ಕೂಡು ಕುಟುಂಬವೊಂದರಲ್ಲಿ ಒಂಬತ್ತು ಜನ ಒಟ್ಟಿಗೆ ಊಟ ಮಾಡಿದರು. ಅವರಲ್ಲಿ ಐವರಿಗೆ ಅದೇ ರಾತ್ರಿ ಕಳೆದು ಬೆಳಗಾಗುವುದರೊಳಗೆ ಹೊಟ್ಟೆ ನುಲಿತ, ವಾಂತಿ ಮತ್ತು ನೀರಿನಂತಹ ಭೇದಿ ಆರಂಭವಾಯಿತು. ಇಬ್ಬರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು: 42 ವರ್ಷದ ಹಿರಿಯ ಮಗ ಮತ್ತು 68 ವರ್ಷದ ಆತನ ತಾಯಿ. ಮಗನ ಮಲದ ಮೊದಲ ವರದಿಯಲ್ಲಿ ಕಾಯಿಲೆಗೆ ಕಾರಣವಾಗುವಂಥದ್ದು ಏನೂ ಸಿಗಲಿಲ್ಲ. ತಾಯಿಯ ಮಾದರಿಯಲ್ಲಿ ಸಿಕ್ಕಿದ್ದು ಉಪ್ಪುನೀರಿನಲ್ಲಿ ಬದುಕುವ, ಮೀನು-ಏಡಿಗಳ ಮೂಲಕ ಮನುಷ್ಯನ ಕರುಳಿಗೆ ಬರುವ ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್ ಎಂಬ ಬ್ಯಾಕ್ಟೀರಿಯಾ. ಆಕೆಯಾದರೋ ಪಂಢರಪುರದ ತುಳಸಿ ಮಾಲೆ ಹಾಕಿಕೊಂಡಂದಿನಿಂದ ಮೀನು-ಮಾಂಸವನ್ನು ಮುಟ್ಟದವರು. ಕುಟುಂಬದ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ, ಆ ಹೆಸರಿನವರೆಗೆ ಹೋದ ದಾರಿಯನ್ನು, ತಾಯಿಯ ಮಾದರಿಯನ್ನು ಪರೀಕ್ಷಿಸಿದ ಪ್ರಯೋಗಾಲಯದವರಾದ ನಾವು ಇಲ್ಲಿ ದಾಖಲಿಸಿದ್ದೇವೆ.

ಮೊದಲ ಮಾದರಿ ಮತ್ತು ಅದರ ವರದಿ

ಹಿರಿಯ ಮಗನಿಗೆ ಸೋಮವಾರ ನಸುಕಿನ ಎರಡು ಗಂಟೆಯ ಸುಮಾರಿಗೆ ಭೇದಿ ಶುರುವಾಗಿತ್ತು. ಬೆಳಿಗ್ಗೆ ಓಣಿಯ ಔಷಧಿ ಅಂಗಡಿಯಿಂದ ನಾರ್‌ಫ್ಲಾಕ್ಸಾಸಿನ್ ಮತ್ತು ಟಿನಿಡಜೋಲ್ ಕೂಡಿದ ಗುಳಿಗೆಗಳನ್ನು ತರಿಸಿ ನುಂಗಿದ್ದರು. ನಮ್ಮ ಊರುಗಳಲ್ಲಿ ಭೇದಿಗೆ ಇದು ಕೇಳದೆಯೇ ಸಿಗುವ ಮದ್ದು. ಸಂಜೆಯ ಹೊತ್ತಿಗೆ ನಾಲಿಗೆ ಒಣಗಿ, ಮೂತ್ರ ಕಡಿಮೆಯಾದ್ದರಿಂದ ಅವರನ್ನು ನರ್ಸಿಂಗ್ ಹೋಮಿಗೆ ಸೇರಿಸಿ ರಿಂಗರ್ ಲ್ಯಾಕ್ಟೇಟ್ ಸಲೈನ್ ಹಚ್ಚಲಾಯಿತು. ಮಲದ ಮಾದರಿಯನ್ನು ತೆಗೆದದ್ದು ಆ ರಾತ್ರಿ, ಅಂದರೆ ಎರಡು ಡೋಸ್ ಆ್ಯಂಟಿಬಯಾಟಿಕ್ ಹೊಟ್ಟೆ ಸೇರಿದ ಮೇಲೆ. ಮಾದರಿಯ ಜೊತೆ ಹೋದ ಚೀಟಿಯಲ್ಲಿ ಇದ್ದದ್ದು ಹೆಸರು, ವಯಸ್ಸು ಮತ್ತು ‘ಭೇದಿ’ ಎಂಬ ಒಂದು ಶಬ್ದ ಮಾತ್ರ.

ಇಂತಹ ಚೀಟಿ ಬಂದಾಗ ಬಹುತೇಕ ಪ್ರಯೋಗಾಲಯಗಳು ಮಾಡುವುದನ್ನೇ ಅಲ್ಲಿಯೂ ಮಾಡಿದರು. ಮಲವನ್ನು ಮ್ಯಾಕಾಂಕಿ ಮತ್ತು ಎಕ್ಸ್‌ಎಲ್‌ಡಿ ಎಂಬ, ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟುಗಳ ಮೇಲೆ ಗೀರಿ, ಒಂದಿಷ್ಟನ್ನು ಸೆಲೆನೈಟ್ ದ್ರಾವಣಕ್ಕೆ ಹಾಕಿದರು. ಈ ವ್ಯವಸ್ಥೆ ಸಾಲ್ಮೊನೆಲ್ಲಾ ಮತ್ತು ಶಿಗೆಲ್ಲಾಗಳನ್ನು ಹಿಡಿಯಲೆಂದೇ ಹೆಣೆದ ಬಲೆ, ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ. ವರದಿಯಲ್ಲಿ ಎರಡು ಸಾಲುಗಳಿದ್ದವು. ಒಂದು, ಸಾಲ್ಮೊನೆಲ್ಲಾ ಮತ್ತು ಶಿಗೆಲ್ಲಾ ಬೆಳೆದಿಲ್ಲ ಎಂಬುದು. ಇನ್ನೊಂದು, ಇ. ಕೋಲೈ ಬೆಳೆದಿದೆ ಎಂಬುದು ಮತ್ತು ಅದರ ಕೆಳಗೆ ಯಾವ ಆ್ಯಂಟಿಬಯಾಟಿಕ್ ನಾಟುತ್ತದೆ, ಯಾವುದು ನಾಟುವುದಿಲ್ಲ ಎಂಬ ಉದ್ದನೆಯ ಪಟ್ಟಿ.

ಎರಡನೆಯ ಸಾಲಿನ ಬಗ್ಗೆ ನಮಗೆ ತಕರಾರು ಇದೆ. ಇ. ಕೋಲೈ ಎಲ್ಲ ಆರೋಗ್ಯವಂತರ ಕರುಳಿನಲ್ಲಿಯೂ ಇರುವ ಬ್ಯಾಕ್ಟೀರಿಯಾ. ಭೇದಿ ತರುವ ಅದರ ಕೆಲವು ತಳಿಗಳನ್ನು ವಿಷದ ಜೀನುಗಳನ್ನು ನೋಡಿಯೋ, ಓ157 ಬಗೆಯಾದರೆ ಸಾರ್ಬಿಟಾಲ್ ಬೆರೆಸಿದ ವಿಶೇಷ ಪ್ಲೇಟಿನ ಮೇಲೆ ಬೆಳೆಸಿಯೋ ಪ್ರತ್ಯೇಕಿಸಬೇಕಾಗುತ್ತದೆ. ಮ್ಯಾಕಾಂಕಿ ಪ್ಲೇಟಿನ ಮೇಲಿನ ಗುಲಾಬಿ ವಸಾಹತು (ಒಟ್ಟಾಗಿ ಬೆಳೆದ ಬ್ಯಾಕ್ಟೀರಿಯಾಗಳ ಚುಕ್ಕೆ) ನೋಡಿ ಆ ಭೇದ ಹೇಳಲಾಗದು. ಮಲದಲ್ಲಿ ಇ. ಕೋಲೈ ಬೆಳೆದಿದೆ ಎಂದು ಬರೆದು ಕೆಳಗೆ ಔಷಧಿಗಳ ಪಟ್ಟಿ ಕೊಟ್ಟರೆ, ಓದುವ ವೈದ್ಯರಿಗೆ ಅದೇ ಅಪರಾಧಿ ಎಂಬ ಭಾವನೆ ಬರುವುದು ಸಹಜ. ಈ ಪ್ರಕರಣದಲ್ಲಿ ಪಟ್ಟಿಯಲ್ಲಿದ್ದ ಒಂದು ದುಬಾರಿ ಇಂಜೆಕ್ಷನ್ ಆರಂಭವಾಗುವುದರಲ್ಲಿತ್ತು.

ಕಾಲರಾ ಎಂಬ ಅನುಮಾನ

ಮಂಗಳವಾರ ಬೆಳಿಗ್ಗೆ ತಾಯಿಯ ಸ್ಥಿತಿ ಬಿಗಡಾಯಿಸಿತು. ಭೇದಿ ಬಹುತೇಕ ನೀರೇ ಆಗಿತ್ತು, ಕಾಲಿನ ಮೀನಖಂಡದಲ್ಲಿ ಸೆಳೆತ ಬರುತ್ತಿತ್ತು. ಪಾಲಿಕೆ ಕೆಲವು ದಿನಗಳಿಗೊಮ್ಮೆ ಬಿಡುವ ನಳದ ನೀರನ್ನು ಟಾಕಿ, ಡ್ರಮ್ಮುಗಳಲ್ಲಿ ತುಂಬಿಟ್ಟುಕೊಂಡು ಬಳಸುವ ಊರಿನಲ್ಲಿ, ಒಂದೇ ಮನೆಯ ಐವರಿಗೆ ಇಂತಹ ಭೇದಿ ಬಂದರೆ ವೈದ್ಯರ ಮನಸ್ಸು ಕಾಲರಾದ ಕಡೆಗೆ ಹೋಗುವುದು ಸರಿಯೇ. ಆ ವೈದ್ಯರು ನಮಗೆ ಫೋನು ಮಾಡಿದರು. ತಾಯಿಗೆ ಅಲ್ಲಿಯವರೆಗೆ ಯಾವ ಗುಳಿಗೆಯನ್ನೂ ಕೊಟ್ಟಿರಲಿಲ್ಲ. ಕೊಡುವುದಕ್ಕೆ ಹೋದರೆ ಆಕೆಯೇ ಒಲ್ಲೆನೆಂದು ಅಜವಾನ ಕುದಿಸಿದ ನೀರು ಕುಡಿದುಕೊಂಡಿದ್ದರು. ಮಾದರಿಯ ದೃಷ್ಟಿಯಿಂದ ಇದು ಒಳ್ಳೆಯದೇ ಆಯಿತು.

ಮಾದರಿಯನ್ನು ಎರಡು ಬಗೆಯಲ್ಲಿ ತರಿಸಿಕೊಂಡೆವು. ಗುದದ್ವಾರದ ಸ್ವ್ಯಾಬ್ ಒಂದನ್ನು ಕ್ಯಾರಿ-ಬ್ಲೇರ್ ಮಾಧ್ಯಮದಲ್ಲಿ, ಸ್ವಲ್ಪ ಮಲವನ್ನು ಕ್ಷಾರೀಯ ಪೆಪ್ಟೋನ್ ನೀರಿನಲ್ಲಿ. ಕಾಲರಾ ತರುವ ಬ್ಯಾಕ್ಟೀರಿಯಾವೂ ಸೇರಿರುವ ವಿಬ್ರಿಯೊ ಗುಂಪಿನವುಗಳಿಗೆ ಆಮ್ಲವಾಗಲಿ, ಒಣಗುವುದಾಗಲಿ ಆಗಿಬರುವುದಿಲ್ಲ. ಖಾಲಿ ಡಬ್ಬಿಯಲ್ಲಿ ಬಿಸಿಲಿನ ಹೊತ್ತು ಕಳೆದ ಮಲದಲ್ಲಿ ಉಳಿದ ಬ್ಯಾಕ್ಟೀರಿಯಾಗಳು ಆಮ್ಲವನ್ನು ಹುಟ್ಟಿಸಿ ಅವನ್ನು ಕೊಂದುಬಿಡುತ್ತವೆ. ಕ್ಯಾರಿ-ಬ್ಲೇರ್ ಪೋಷಕಾಂಶ ಕಡಿಮೆಯಿರುವ, ಪಿಎಚ್ ಸುಮಾರು 8.4 ಇರುವ ಮೆತ್ತನೆಯ ಮಾಧ್ಯಮವಾದ್ದರಿಂದ ಅದರಲ್ಲಿ ಅವು ಬೆಳೆಯದಿದ್ದರೂ ಬದುಕುಳಿಯುತ್ತವೆ. ಪೆಪ್ಟೋನ್ ನೀರಿನ ಕೆಲಸ ಬೇರೆ. ಪಿಎಚ್ 8.5ರ ಆಸುಪಾಸಿನ ಆ ದ್ರಾವಣದಲ್ಲಿ ವಿಬ್ರಿಯೊಗಳು ಉಳಿದೆಲ್ಲವನ್ನೂ ಹಿಂದಿಕ್ಕಿ ಆರೆಂಟು ತಾಸಿನಲ್ಲಿ ಮೇಲ್ಪದರಕ್ಕೆ ಏರುತ್ತವೆ.

ತೂಗು ಹನಿಯ ಪರೀಕ್ಷೆಯಲ್ಲಿ, ಅಂದರೆ ಗಾಜಿನ ಕುಳಿಯ ಮೇಲೆ ಹನಿಯನ್ನು ತಲೆಕೆಳಗಾಗಿ ನಿಲ್ಲಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಚುರುಕಾಗಿ ಹರಿದಾಡುವ ಕಡ್ಡಿಗಳು ಕಂಡವು. ಕಾಲರಾದ ಓ1 ಬಗೆಯ ಬ್ಯಾಕ್ಟೀರಿಯಾಗಳ ಓಟವನ್ನು ನಿಲ್ಲಿಸುವ ಪ್ರತಿಸೀರಮ್ಮನ್ನು ಸೇರಿಸಿದರೂ ಅವುಗಳ ಓಟ ನಿಲ್ಲಲಿಲ್ಲ. ಕಾಲರಾದ ಇನ್ನೊಂದು ಬಗೆಯಾದ ಓ139ರದ್ದನ್ನು ಸೇರಿಸಿದಾಗಲೂ ಅಷ್ಟೇ. ಇಷ್ಟರಿಂದ ಕಾಲರಾ ಅಲ್ಲ ಎಂದು ಖಚಿತವಾಗಿ ಹೇಳಲಾಗುವುದಿಲ್ಲವಾದರೂ ಅನುಮಾನ ಸಡಿಲವಾಯಿತು. ಅಕ್ಕಪಕ್ಕದ ಮನೆಗಳಲ್ಲಿ, ಅದೇ ನಳದ ನೀರು ಕುಡಿಯುವವರಲ್ಲಿ, ಯಾರಿಗೂ ಭೇದಿ ಇಲ್ಲ ಎಂಬುದೂ ಆ ಹೊತ್ತಿಗೆ ತಿಳಿದಿತ್ತು.

ಏನು ತಿಂದರು, ಯಾವಾಗ ತಿಂದರು

ಪ್ಲೇಟುಗಳು ಇನ್‌ಕ್ಯುಬೇಟರಿನಲ್ಲಿದ್ದಾಗ ಊಟದ ವಿವರ ಕೇಳಲು ವಾರ್ಡಿಗೆ ಹೋದೆವು. ಭಾನುವಾರ ಬೆಳಿಗ್ಗೆ ಅಂಕೋಲೆಯ ಬೀಗರು ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಬಂಗಡೆ, ಸಿಗಡಿ ಮತ್ತು ಏಡಿಗಳನ್ನು ಕಳಿಸಿದ್ದರು. ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗ ದಶಕಗಳಿಂದ ಚರ್ಚೆಯಲ್ಲಿಯೇ ಉಳಿದಿರುವುದರಿಂದ ಕರಾವಳಿಯ ಮೀನು ನಮ್ಮೂರಿಗೆ ಅರಬೈಲ್ ಘಟ್ಟ ಹತ್ತಿ, ಯಲ್ಲಾಪುರ, ಕಲಘಟಗಿ ದಾಟಿ ರಸ್ತೆಯಲ್ಲಿಯೇ ಬರಬೇಕು. ಪೆಟ್ಟಿಗೆ ತೆರೆದಾಗ ಮಂಜುಗಡ್ಡೆ ಪೂರ್ತಿ ಕರಗಿ ನೀರಾಗಿತ್ತು.

ಏಡಿಗಳನ್ನು ದೊಡ್ಡ ಬೋಗುಣಿಯಲ್ಲಿ ತೊಳೆದು, ಬೇಯಿಸಿ, ಆರಲೆಂದು ಅದೇ ಬೋಗುಣಿಗೆ ಮರಳಿ ಹಾಕಲಾಗಿತ್ತು. ಹೆಚ್ಚಿನವು ಸಾರಿಗೆ ಹೋದವು, ಮತ್ತೊಮ್ಮೆ ಕುದಿದವು. ಕೊಂಬುಗಳನ್ನು ಮಾತ್ರ ಹಾಗೆಯೇ ಇಟ್ಟು ಮಧ್ಯಾಹ್ನ ಒಂದೂವರೆಗೆ ಇಬ್ಬರು ಗಂಡುಮಕ್ಕಳು ಮತ್ತು ಹರೆಯದ ಇಬ್ಬರು ಮೊಮ್ಮಕ್ಕಳು ಒಡೆದು ತಿಂದರು. ಈ ನಾಲ್ವರೂ ಕಾಯಿಲೆ ಬಿದ್ದರು. ಕೊನೆಯ ಪಂಕ್ತಿಗೆ ಕುಳಿತ ಸೊಸೆಯಂದಿರಿಗೆ ಕೊಂಬು ಉಳಿದಿರಲಿಲ್ಲ. ಕುದಿದ ಸಾರು ಮತ್ತು ಹುರಿದ ಬಂಗಡೆ ಉಂಡ ಅವರಿಗೆ ಏನೂ ಆಗಲಿಲ್ಲ. ಅಜ್ಜನೂ ಚಿಕ್ಕ ಮೊಮ್ಮಗಳೂ ಕೊಂಬು ತಿನ್ನಲಿಲ್ಲ, ಅವರೂ ಆರಾಮಾಗಿದ್ದರು. ಇಷ್ಟರಮಟ್ಟಿಗೆ ಚಿತ್ರ ಸ್ಪಷ್ಟವಿತ್ತು, ಅಜ್ಜಿಯೊಬ್ಬರ ವಿಷಯ ಮಾತ್ರ ಇದಕ್ಕೆ ಹೊಂದುತ್ತಿರಲಿಲ್ಲ.

“ಅಮ್ಮಾರ, ನೀವೇನ್ ಉಂಡ್ರಿ ಅವತ್ತ?” ಎಂದು ಕೇಳಿದಾಗ ಆಕೆ ಸ್ವಲ್ಪ ಮುನಿಸಿನಿಂದಲೇ ಹೇಳಿದರು: “ನಾ ಏನ್ ಮೀನ ತಿಂತೀನೇನ್ರಿ? ನಂದು ಅಡಿಗಿ ಬ್ಯಾರೇನ ಆಗತೈತಿ. ರೊಟ್ಟಿ, ಬದ್ನಿಕಾಯಿ ಪಲ್ಯಾ, ಮೊಸರು. ಮತ್ತ ಸೌತಿಕಾಯಿ.”

ರೊಟ್ಟಿ, ಪಲ್ಯ ಬೆಳಿಗ್ಗೆಯೇ ಬೇರೆ ಪಾತ್ರೆಗಳಲ್ಲಿ ಆಗಿದ್ದವು. ಸೌತೆಕಾಯಿಯ ಬಗ್ಗೆ ಹಿರಿಯ ಸೊಸೆ ಸಂಕೋಚದಿಂದಲೇ ವಿವರ ಕೊಟ್ಟರು: “ಅತ್ತಿಯವರಿಗೆ ಹಲ್ಲು ಗಟ್ಟಿ ಇಲ್ಲರಿ. ತೆಳ್ಳಗ ಹೆಚ್ಚಿ ಉಪ್ಪು ಹಚ್ಚಿ ಇಟ್ರ ಮೆತ್ತಗಾಗತೈತಿ. ಹತ್ತು ಗಂಟೇಕ್ಕ ಹೆಚ್ಚಿಟ್ಟಿದ್ನಿ.” ಹೆಚ್ಚಿದ್ದು ಬಂಗಡೆ ಕೊಯ್ದ ಈಳಿಗೆಯ ಮೇಲೆ. ಈಳಿಗೆಯನ್ನು ತೊಳೆದದ್ದು ಏಡಿಯ ಬೋಗುಣಿಯಲ್ಲಿದ್ದ ನೀರಿನಿಂದ.

ಉಪ್ಪು ಹಚ್ಚಿದ ಸೌತೆಕಾಯಿ ನೀರು ಬಿಡುತ್ತದೆ. ಆ ಉಪ್ಪುನೀರು ಹುಬ್ಬಳ್ಳಿಯ ಏಪ್ರಿಲ್ ತಿಂಗಳ ಅಡುಗೆಮನೆಯ ಸೆಕೆಯಲ್ಲಿ ಮೂರೂವರೆ ತಾಸು ಕುಳಿತಿತ್ತು. ಸಾಮಾನ್ಯ ಬ್ಯಾಕ್ಟೀರಿಯಾಗಳಿಗೆ ಉಪ್ಪು ಅಡ್ಡಿ, ಆದರೆ ಈ ಬ್ಯಾಕ್ಟೀರಿಯಾಕ್ಕೆ ಅದು ಬೇಕೇ ಬೇಕು. ಎಲ್ಲ ಅನುಕೂಲವಿದ್ದಾಗ ಇದು ಹತ್ತು ನಿಮಿಷದ ಆಸುಪಾಸಿನಲ್ಲಿ ಇಮ್ಮಡಿಯಾಗಬಲ್ಲದು, ಇ. ಕೋಲೈಗೆ ಅದೇ ಕೆಲಸಕ್ಕೆ ಇಪ್ಪತ್ತು ನಿಮಿಷ ಬೇಕು. ಸೌತೆಕಾಯಿಯ ತಟ್ಟೆಯಲ್ಲಿ ಅಷ್ಟು ವೇಗ ಇರಲಿಕ್ಕಿಲ್ಲವಾದರೂ ಕಾಯಿಲೆ ತರುವಷ್ಟು ಸಂಖ್ಯೆಗೆ ಆ ಹೊತ್ತು ಸಾಕಾಗುತ್ತದೆ. ಇದು ಹೊಸ ಸಂಗತಿಯೂ ಅಲ್ಲ. ಈ ಬ್ಯಾಕ್ಟೀರಿಯಾವನ್ನು ಮೊದಲು ಗುರುತಿಸಿದ್ದು ಜಪಾನಿನ ಒಸಾಕಾದಲ್ಲಿ. 1950ರಲ್ಲಿ ಅರೆ ಒಣಗಿಸಿದ ಸಣ್ಣ ಮೀನು ತಿಂದ 272 ಜನ ಕಾಯಿಲೆ ಬಿದ್ದು 20 ಜನ ಸತ್ತಾಗ, ತ್ಸುನೆಸಾಬುರೊ ಫುಜಿನೊ ಅವರು ಇದನ್ನು ಬೇರ್ಪಡಿಸಿದರು. ಅದರ ಉಪ್ಪಿನ ಹಸಿವು ಬೆಳಕಿಗೆ ಬಂದದ್ದು ಕೆಲವು ವರ್ಷಗಳ ನಂತರ ಯೊಕೊಹಾಮಾದ ಆಸ್ಪತ್ರೆಯೊಂದರಲ್ಲಿ ಕಂಡ ಪಿಡುಗಿನಿಂದ. ಅಲ್ಲಿ ರೋಗಿಗಳು ತಿಂದಿದ್ದದ್ದು ಉಪ್ಪಿನಲ್ಲಿ ನೆನೆಸಿದ ಸೌತೆಕಾಯಿ.

ಕಾಲಾವಧಿಯೂ ಹೊಂದುತ್ತಿತ್ತು. ಊಟದಿಂದ ಮೊದಲ ಲಕ್ಷಣದವರೆಗೆ ಮಗನಿಗೆ ಹನ್ನೆರಡೂವರೆ ತಾಸು, ತಾಯಿಗೆ ಸುಮಾರು ಹದಿನಾರು ತಾಸು. ಸ್ಟ್ಯಾಫಿಲೊಕಾಕಸ್‌ನ ವಿಷವಾಗಿದ್ದರೆ ಸಂಜೆಯೊಳಗೇ ವಾಂತಿಯಾಗಬೇಕಿತ್ತು. ಕ್ಯಾಂಪಿಲೊಬ್ಯಾಕ್ಟರ್ ಆಗಿದ್ದರೆ ಎರಡರಿಂದ ಐದು ದಿನ ಹಿಡಿಯುತ್ತಿತ್ತು. ಸಾಲ್ಮೊನೆಲ್ಲಾವನ್ನು ಸಮಯದಿಂದ ಮಾತ್ರ ತಳ್ಳಿಹಾಕಲಾಗದು. ಅದಕ್ಕೆ ಪ್ಲೇಟುಗಳೇ ಉತ್ತರ ಹೇಳಬೇಕು.

ಹಸಿರು ವಸಾಹತು

ವಿಬ್ರಿಯೊಗಳನ್ನು ಹಿಡಿಯಲೆಂದು ಬಳಸುವ ಟಿಸಿಬಿಎಸ್ ಪ್ಲೇಟು ನೋಡಲು ಕಡು ಹಸಿರು. ಅದರ ಪುಡಿಯನ್ನು ಕುದಿಸಿ ಸುರಿಯಬೇಕೇ ಹೊರತು ಆಟೋಕ್ಲೇವ್ ಮಾಡಬಾರದು, ಅಂದರೆ ಒತ್ತಡದ ಹಬೆಯಲ್ಲಿ ಬೇಯಿಸಬಾರದು. ಪಿತ್ತ ಲವಣ ಮತ್ತು 8.6ರ ಪಿಎಚ್ ಕರುಳಿನ ಉಳಿದ ಬ್ಯಾಕ್ಟೀರಿಯಾಗಳನ್ನು ಬಹುಮಟ್ಟಿಗೆ ತಡೆಯುತ್ತವೆ. ಅದರಲ್ಲಿರುವ ಸಕ್ಕರೆ ಸುಕ್ರೋಸ್. ಅದನ್ನು ಹುದುಗಿಸಬಲ್ಲ ವಿಬ್ರಿಯೊ ಕಾಲರೆ ಹಳದಿ ವಸಾಹತುಗಳನ್ನು ಕೊಡುತ್ತದೆ, ಹುದುಗಿಸಲಾರದ್ದು ಹಸಿರಾಗಿಯೇ ಉಳಿಯುತ್ತದೆ. ಬುಧವಾರ ಬೆಳಿಗ್ಗೆ ತಾಯಿಯ ಮಾದರಿಯ ಪ್ಲೇಟಿನಲ್ಲಿ ಎರಡು-ಮೂರು ಮಿಲಿಮೀಟರ್ ಅಗಲದ, ನಡುವೆ ನೀಲಿ ಛಾಯೆಯ ಹಸಿರು ವಸಾಹತುಗಳು ಧಾರಾಳವಾಗಿ ಬೆಳೆದಿದ್ದವು. ಹಳದಿ ಒಂದೂ ಇರಲಿಲ್ಲ. ಮಗನಿಂದ ಮತ್ತೊಮ್ಮೆ ತರಿಸಿಕೊಂಡ ಮಾದರಿಯ ಪ್ಲೇಟು ಖಾಲಿಯಾಗಿತ್ತು. ಮಾದರಿ ತಡವಾಗಿದ್ದೂ ಅದಕ್ಕೆ ಮೊದಲು ಆ್ಯಂಟಿಬಯಾಟಿಕ್ ನುಂಗಿದ್ದೂ ಇದಕ್ಕೆ ಕಾರಣವೆಂದು ನಮ್ಮ ಅಭಿಪ್ರಾಯ.

ಹಸಿರು ಬಣ್ಣ ನೋಡಿದೊಡನೆ ಹೆಸರಿಡುವುದು ಅವಸರದ ಕೆಲಸ. ವಿಬ್ರಿಯೊ ಮಿಮಿಕಸ್ ಹಸಿರು, ವಿಬ್ರಿಯೊ ವಲ್ನಿಫಿಕಸ್‌ನ ಹೆಚ್ಚಿನ ತಳಿಗಳೂ ಹಸಿರು. ಸ್ಯೂಡೊಮೊನಾಸ್‌ನಂಥವೂ ಒಮ್ಮೊಮ್ಮೆ ಸಣ್ಣ ಹಸಿರು ಚುಕ್ಕೆಗಳಾಗಿ ತಲೆಯೆತ್ತುತ್ತವೆ. ಮುಂದಿನ ಹೆಜ್ಜೆ, ಆಕ್ಸಿಡೇಸ್ ಎಂಬ ಕಿಣ್ವ ಇದೆಯೇ ಎಂದು ಕಾಗದದ ಬಣ್ಣದಿಂದ ತಿಳಿಯುವ ಆಕ್ಸಿಡೇಸ್ ಪರೀಕ್ಷೆ, ಆದರೆ ಅದನ್ನು ಟಿಸಿಬಿಎಸ್ ಮೇಲಿನ ವಸಾಹತಿನಿಂದ ನೇರವಾಗಿ ಮಾಡಿದರೆ ಫಲಿತಾಂಶ ನೆಚ್ಚಿಕೊಳ್ಳುವಂತಿರುವುದಿಲ್ಲ. ಉಪ್ಪು ಸೇರಿಸಿದ ನ್ಯೂಟ್ರಿಯೆಂಟ್ ಅಗಾರಿಗೆ ದಾಟಿಸಿ, ಅಲ್ಲಿ ಬೆಳೆದದ್ದನ್ನು ಮರದ ಕಡ್ಡಿಯಿಂದ ಎತ್ತಿ ಕಾಗದಕ್ಕೆ ಸವರಿದಾಗ ಕೆಲವೇ ಸೆಕೆಂಡುಗಳಲ್ಲಿ ನೇರಳೆ ಬಣ್ಣ ಮೂಡಿತು. ನೈಕ್ರೋಮ್ ತಂತಿಯಿಂದ ಎತ್ತಿದರೆ ಲೋಹವೇ ಬಣ್ಣ ತರಿಸಿ ಮೋಸ ಮಾಡುವ ಸಾಧ್ಯತೆ ಇರುವುದರಿಂದ ಮರದ ಕಡ್ಡಿ. ಆಕ್ಸಿಡೇಸ್ ಧನಾತ್ಮಕವಾದ್ದರಿಂದ ಸಾಲ್ಮೊನೆಲ್ಲಾ, ಶಿಗೆಲ್ಲಾ, ಇ. ಕೋಲೈಗಳಿರುವ ಇಡೀ ಗುಂಪು ಬದಿಗೆ ಸರಿಯಿತು. ಉಳಿದದ್ದು ವಿಬ್ರಿಯೊ ಮತ್ತು ಅದನ್ನೇ ಹೋಲುವ ಏರೊಮೊನಾಸ್. ಗಾಜಿನ ಮೇಲೆ ಡಿಆಕ್ಸಿಕೊಲೇಟ್ ದ್ರಾವಣದಲ್ಲಿ ಕದಡಿ ಲೂಪನ್ನು ಮೇಲೆತ್ತಿದಾಗ ಲೋಳೆಯ ಎಳೆ ಎದ್ದುಬಂದದ್ದು ವಿಬ್ರಿಯೊದ ಕಡೆಗೆ ಬೆರಳು ತೋರಿಸಿತು.

ಪ್ರಭೇದವನ್ನು ನಿರ್ಧರಿಸಿದ್ದು ಉಪ್ಪಿನ ಕೊಳವೆಗಳು. ಪೆಪ್ಟೋನ್ ನೀರಿನ ಐದು ಕೊಳವೆಗಳಲ್ಲಿ ಅನುಕ್ರಮವಾಗಿ ಶೇ 0, 3, 6, 8 ಮತ್ತು 10ರಷ್ಟು ಸೋಡಿಯಂ ಕ್ಲೋರೈಡ್, ಅಂದರೆ ಅಡುಗೆ ಉಪ್ಪಿನ ಲವಣವನ್ನೇ, ಬೆರೆಸಿ, ತೆಳುವಾಗಿ ಬ್ಯಾಕ್ಟೀರಿಯಾ ಸೇರಿಸಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಇಡಲಾಯಿತು. ಬೆಳಿಗ್ಗೆ ಮೊದಲ ಕೊಳವೆ ತಿಳಿಯಾಗಿಯೇ ಇತ್ತು, ಹಿಂದೆ ಹಿಡಿದ ಮುದ್ರಿತ ಕಾಗದದ ಅಕ್ಷರ ಓದಬಹುದಿತ್ತು. ನಡುವಿನ ಮೂರೂ ಗಂಜಿ ತಿಳಿಯಷ್ಟು ಮಬ್ಬಾಗಿದ್ದವು. ಕೊನೆಯದು ಮತ್ತೆ ತಿಳಿ. ಉಪ್ಪಿಲ್ಲದೆಯೂ ಬೆಳೆಯುವ ವಿಬ್ರಿಯೊ ಕಾಲರೆ ಮತ್ತು ಮಿಮಿಕಸ್ ಇಲ್ಲಿಗೆ ಹೊರಬಿದ್ದವು. ಶೇ 8ರಲ್ಲಿ ಸೋಲುವ ವಲ್ನಿಫಿಕಸ್ ಅಲ್ಲ, ಶೇ 10ರಲ್ಲಿಯೂ ಬೆಳೆದು ಟಿಸಿಬಿಎಸ್ ಮೇಲೆ ಹಳದಿಯಾಗುವ ಆಲ್ಜಿನೊಲಿಟಿಕಸ್ ಅಲ್ಲ. ಲೈಸಿನ್ ಮತ್ತು ಆರ್ನಿಥಿನ್ ಧನಾತ್ಮಕ, ಆರ್ಜಿನಿನ್ ಋಣಾತ್ಮಕ, ಇಂಡೋಲ್ ಧನಾತ್ಮಕ, ಅರಾಬಿನೋಸ್ ಹುದುಗುವಿಕೆ ಧನಾತ್ಮಕ, ವೋಗಸ್-ಪ್ರೊಸ್ಕಾವರ್ ಋಣಾತ್ಮಕ ಎಂಬ ಉಳಿದ ಫಲಿತಾಂಶಗಳು ಒಂದೇ ಹೆಸರನ್ನು ಹೇಳಿದವು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಲೈಸಿನ್‌ನಿಂದ ಮುಂದಿನ ಈ ಉಳಿದ ಪರೀಕ್ಷೆಗಳ ಕೊಳವೆಗಳೆಲ್ಲಕ್ಕೂ ಶೇ 1ರಷ್ಟು ಉಪ್ಪು ಸೇರಿಸಿಯೇ ಪರೀಕ್ಷೆ ಮಾಡಲಾಗಿದೆ. ಉಪ್ಪು ಸಾಲದ ಮಾಧ್ಯಮದಲ್ಲಿ ಈ ಬ್ಯಾಕ್ಟೀರಿಯಾ ಸರಿಯಾಗಿ ಬೆಳೆಯುವುದಿಲ್ಲ. ಬೆಳೆಯದಿದ್ದರೆ ಎಲ್ಲ ಪರೀಕ್ಷೆಗಳೂ ಋಣಾತ್ಮಕವೆಂದು ಕಾಣುತ್ತವೆ, ಮತ್ತು ತಂತ್ರಜ್ಞರು ಅದನ್ನು ‘ಯಾವುದೋ ಹುದುಗಿಸದ ಬ್ಯಾಕ್ಟೀರಿಯಾ’ ಎಂದು ಬರೆದು ಮುಗಿಸುವ ಸಂಭವವಿದೆ. ಸಮುದ್ರದಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರದ ಊರಿನಲ್ಲಿ ಇದನ್ನು ಹುಡುಕುವ ರೂಢಿ ಇಲ್ಲದಿರುವುದರಿಂದ ಎಷ್ಟು ಪ್ರಕರಣಗಳು ಹೀಗೆ ಹೆಸರಿಲ್ಲದೆ ಹೋಗಿವೆಯೋ ಹೇಳಲಾಗದು. ಹಾಗೆಂದು ಪ್ರತಿಯೊಂದು ಭೇದಿಯ ಮಾದರಿಗೂ ಟಿಸಿಬಿಎಸ್ ಹಾಕಬೇಕೆಂದು ನಾವು ಹೇಳುತ್ತಿಲ್ಲ. ಸಣ್ಣ ಪ್ರಯೋಗಾಲಯಕ್ಕೆ ಅದು ಹೊರೆ. ಹೊಸ ಬಹುಗುರಿ ಪಿಸಿಆರ್ ಕಿಟ್‌ಗಳು ಒಂದೇ ತಾಸಿನಲ್ಲಿ ಹತ್ತಾರು ರೋಗಾಣುಗಳನ್ನು ಹುಡುಕುತ್ತವೆಯಾದರೂ ಅವುಗಳ ಬೆಲೆ ನಮ್ಮ ಹೆಚ್ಚಿನ ರೋಗಿಗಳ ಕೈಗೆ ನಿಲುಕುವುದಿಲ್ಲ, ಕೆಲವು ಕಿಟ್‌ಗಳು ‘ವಿಬ್ರಿಯೊ’ ಎಂದಷ್ಟೇ ಹೇಳಿ ಪ್ರಭೇದವನ್ನು ಬಿಡಿಸಿ ಹೇಳುವುದಿಲ್ಲ. ಏಡಿ, ಸಿಗಡಿ, ಕಡಲ ಮೀನು ಎಂಬ ಒಂದು ಶಬ್ದ ಚೀಟಿಯಲ್ಲಿದ್ದರೆ ಯಾವ ಪ್ಲೇಟು ಸುರಿಯಬೇಕೆಂಬುದು ತಾನಾಗಿಯೇ ಗೊತ್ತಾಗುತ್ತದೆ.

ಹೆಸರು ಸಿಕ್ಕ ಮೇಲೆ

ಪ್ರಭೇದದ ಹೆಸರು ಶುಕ್ರವಾರ ಖಚಿತವಾಗುವ ಹೊತ್ತಿಗೆ ತಾಯಿ ಸಲೈನ್ ಮತ್ತು ಓಆರ್‌ಎಸ್ ಮೇಲೆಯೇ ಚೇತರಿಸಿಕೊಂಡಿದ್ದರು. ಈ ಸೋಂಕು ಹೆಚ್ಚಿನವರಲ್ಲಿ ಎರಡು-ಮೂರು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ. ತೀವ್ರವಾದಾಗ ಅಥವಾ ದಿನಗಟ್ಟಲೆ ಎಳೆದಾಗ ಮಾತ್ರ ಡಾಕ್ಸಿಸೈಕ್ಲಿನ್‌ನಂತಹ ಔಷಧಿಯ ವಿಚಾರ ಬರುತ್ತದೆ. ಈ ತಳಿ ಆ್ಯಂಪಿಸಿಲಿನ್‌ಗೆ ಜಗ್ಗಲಿಲ್ಲ, ಡಾಕ್ಸಿಸೈಕ್ಲಿನ್ ಮತ್ತು ಸಿಪ್ರೊಫ್ಲಾಕ್ಸಾಸಿನ್‌ಗೆ ಬಗ್ಗಿತು. ಯಾವುದನ್ನೂ ಕೊಡುವ ಪ್ರಸಂಗ ಬರಲಿಲ್ಲ. ಮಗನಿಗೆ ಆರಂಭಿಸಬೇಕೆಂದಿದ್ದ ಇಂಜೆಕ್ಷನ್ ಕೂಡ ಬುಧವಾರವೇ ರದ್ದಾಗಿತ್ತು.

ಹಾಗಾದರೆ ರೋಗಿ ಗುಣವಾದ ಮೇಲೆ ಬಂದ ವರದಿಯ ಉಪಯೋಗವೇನು ಎಂಬ ಪ್ರಶ್ನೆ ನರ್ಸಿಂಗ್ ಹೋಮಿನಲ್ಲಿಯೇ ಎದ್ದಿತು. ನಮ್ಮ ದೃಷ್ಟಿಯಲ್ಲಿ ಉಪಯೋಗ ವಾರ್ಡಿನ ಹೊರಗಿದೆ. ಇದು ಕಾಲರಾ ಆಗಿದ್ದರೆ ಓಣಿಯ ನೀರಿನ ಕೊಳವೆ, ಅಕ್ಕಪಕ್ಕದ ಮನೆಗಳ ಟಾಕಿ ಎಲ್ಲವೂ ತಪಾಸಣೆಗೆ ಒಳಪಡಬೇಕಿತ್ತು. ಟೈಫಾಯಿಡ್ ತರುವ ಸಾಲ್ಮೊನೆಲ್ಲಾ ಆಗಿದ್ದರೆ ಮನೆಯಲ್ಲಿ ಅಡುಗೆ ಮಾಡುವವರಲ್ಲಿ ಯಾರಾದರೂ ಗುಣವಾದ ನಂತರವೂ ಅದನ್ನು ಹೊತ್ತಿದ್ದಾರೆಯೇ ಎಂದು ಮತ್ತೆ ಮತ್ತೆ ಮಲ ಪರೀಕ್ಷೆ ಮಾಡಬೇಕಾಗುತ್ತಿತ್ತು. ಈ ಬ್ಯಾಕ್ಟೀರಿಯಾ ಮನುಷ್ಯನ ಕರುಳಿನಲ್ಲಿ ಹಾಗೆ ತಳವೂರುವುದಿಲ್ಲ, ಆದ್ದರಿಂದ ಹುಡುಕಾಟ ಆ ಅಡುಗೆಮನೆಯ ಬೋಗುಣಿ ಮತ್ತು ಈಳಿಗೆಯಲ್ಲಿಯೇ ಮುಗಿಯಿತು. ಜಿಲ್ಲಾ ರೋಗ ಸರ್ವೇಕ್ಷಣಾ ಘಟಕಕ್ಕೆ ಪ್ರಯೋಗಾಲಯದ ‘ಎಲ್’ ನಮೂನೆಯಲ್ಲಿ ವರದಿ ಹೋಯಿತು.

ತಳಿಯನ್ನು ಉನ್ನತ ಪ್ರಯೋಗಾಲಯವೊಂದಕ್ಕೆ ಕಳಿಸಿದಾಗ ಕೆಂಪುಕಣಗಳನ್ನು ಕರಗಿಸುವ ಟಿಡಿಎಚ್ ಎಂಬ ವಿಷದ ಜೀನು ಇರುವುದು ಪಿಸಿಆರ್‌ನಿಂದ ದೃಢಪಟ್ಟಿತು. ಈ ಪರೀಕ್ಷೆ ಕೇವಲ ಔಪಚಾರಿಕವಲ್ಲ. ಸಮುದ್ರದ ನೀರಿನಲ್ಲಿ, ಮೀನಿನ ಮೈಮೇಲೆ ಸಿಗುವ ಈ ಬ್ಯಾಕ್ಟೀರಿಯಾದ ಹೆಚ್ಚಿನ ತಳಿಗಳಲ್ಲಿ ಆ ಜೀನು ಇರುವುದಿಲ್ಲ ಮತ್ತು ಅವು ಸಾಮಾನ್ಯವಾಗಿ ನಿರುಪದ್ರವಿ. ರೋಗಿಗಳಿಂದ ಸಿಗುವ ತಳಿಗಳಲ್ಲಿ ಹೆಚ್ಚಿನವು ಅದನ್ನು ಹೊಂದಿರುತ್ತವೆ. ಪಿಸಿಆರ್ ಬರುವ ಮುನ್ನ ಇದೇ ಭೇದವನ್ನು ವಾಗತ್ಸುಮಾ ಎಂಬ ರಕ್ತದ ಅಗಾರಿನ ಮೇಲೆ ಕೆಂಪುಕಣ ಕರಗುವುದನ್ನು ನೋಡಿ ತಿಳಿಯುತ್ತಿದ್ದರು, ಅದಕ್ಕೆ ಕಾನಾಗಾವಾ ವಿದ್ಯಮಾನವೆಂದು ಹೆಸರು. 1996ರಲ್ಲಿ ಆಗಿನ ಕಲ್ಕತ್ತಾದಲ್ಲಿ ಮೊದಲು ಎದ್ದು ಕಂಡು, ಮುಂದೆ ಹಲವು ಖಂಡಗಳಿಗೆ ಹರಡಿದ ಓ3:ಕೆ6 ಬಗೆಯೂ ಟಿಡಿಎಚ್ ಇರುವಂಥದ್ದೇ. ನಮ್ಮ ತಳಿ ಇಂತಹ ಯಾವ ಬಗೆಯದು (ಸೀರೋಟೈಪ್) ಎಂದು ಪರೀಕ್ಷೆ ಮಾಡಿಸಿಲ್ಲ.

ಸೌತೆಕಾಯಿಯಾಗಲಿ ಏಡಿಯಾಗಲಿ ಪರೀಕ್ಷೆಗೆ ಉಳಿದಿರಲಿಲ್ಲ. ಒಣಗಿದ ಈಳಿಗೆಯ ಮೇಲೆ ಈ ಬ್ಯಾಕ್ಟೀರಿಯಾ ಬದುಕುವುದಿಲ್ಲವಾದ್ದರಿಂದ ಅದರ ಸ್ವ್ಯಾಬ್ ತೆಗೆಯುವುದರಲ್ಲಿಯೂ ಅರ್ಥವಿರಲಿಲ್ಲ. ಹೀಗಾಗಿ ಬೋಗುಣಿಯ ನೀರಿನಿಂದ ಈಳಿಗೆಗೆ, ಈಳಿಗೆಯಿಂದ ಸೌತೆಕಾಯಿಗೆ ಎಂಬ ದಾರಿ ನಮ್ಮ ಊಹೆಯೇ ಹೊರತು ಸಾಬೀತಾದ ಸಂಗತಿಯಲ್ಲ. ಯಾರು ಏನು ತಿಂದರು, ಯಾರು ಕಾಯಿಲೆ ಬಿದ್ದರು ಎಂಬುದಕ್ಕೆ ಇದಕ್ಕಿಂತ ಚೆನ್ನಾಗಿ ಹೊಂದುವ ವಿವರಣೆ ನಮಗೆ ಸಿಗಲಿಲ್ಲ. ಮನೆಯವರಿಗೆ ಹೇಳಿದ್ದು ಎರಡೇ ಮಾತು: ಬೇಯಿಸಿದ ಏಡಿಯನ್ನು ಹಸಿ ಏಡಿ ತೊಳೆದ ಪಾತ್ರೆಗೆ ಮರಳಿ ಹಾಕಬಾರದು, ಮತ್ತು ಅಜ್ಜಿಯ ಕಾಯಿಪಲ್ಲೆಗೆ ಬೇರೆ ಈಳಿಗೆ ಇರಬೇಕು. ಎರಡನೆಯದನ್ನು ಅಜ್ಜಿ ಆಗಲೇ ತರಿಸಿಕೊಂಡಿದ್ದರು.